ಸಂಡೂರಿನ ಗುಡ್ಡ ಹತ್ತಿ ತೀರ್ಥದ ನೀರು ನೋಡಿ ಬರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಿಂದ ತೋರಣಗಲ್ಲು ದಾಟಿ ಸಂಡೂರಿನ ಕಡೆ ಹೊರಳಿದರೆ ಸ್ವಲ್ಪ ಹೊತ್ತಿಗೆ ಬಯಲು ಮುಗಿದು ಗುಡ್ಡದ ಸಾಲು ಎದುರಾಗುತ್ತದೆ. ಏಪ್ರಿಲ್‌ನಲ್ಲಿ ನೋಡಿದವರಿಗೆ ಅದು ಕೆಂಪು ದೂಳು ಮೆತ್ತಿದ ಒಣಗುಡ್ಡ. ಅದೇ ಗುಡ್ಡವನ್ನು ನಾಲ್ಕು ಒಳ್ಳೆಯ ಮಳೆ ಬಿದ್ದ ಮೇಲೆ ಹೋಗಿ ನೋಡಿ. ಬುಡದಿಂದ ನೆತ್ತಿಯವರೆಗೆ ಹಸಿರು, ಬೆಳಗಿನ ಹೊತ್ತು ತುದಿಯಲ್ಲಿ ಮಂಜು, ಕಿವಿಗೊಟ್ಟು ನಿಂತರೆ ಎಲ್ಲೋ ಒಳಗೆ ನೀರು ಬೀಳುವ ಸದ್ದು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಅವರು ಹೇಳಿದರೆಂಬ ಮಾತು ಊರಿನವರ ಬಾಯಲ್ಲಿ ಇವತ್ತಿಗೂ ಇದೆ. ಆ ಮಾತನ್ನು ನಾನು ಕೈಮುಗಿದು ಒಪ್ಪುತ್ತೇನೆ.

ಇಲ್ಲಿನ ಜಲಪಾತಗಳನ್ನು ಜೋಗ, ಗೋಕಾಕಗಳ ಜೊತೆ ಹೋಲಿಸಿಕೊಂಡು ಹೊರಡಬೇಡಿ. ಇಲ್ಲಿ ಜನ ‘ಫಾಲ್ಸ್’ ಅನ್ನುವುದಕ್ಕಿಂತ ‘ತೀರ್ಥ’ ಅನ್ನುವುದೇ ಹೆಚ್ಚು: ಭೈರವತೀರ್ಥ, ಹರಿಶಂಕರ ತೀರ್ಥ. ಬಂಡೆಯ ಸಂದಿಯಿಂದ ಒಸರುವ ನೀರು, ಪಕ್ಕದಲ್ಲೊಂದು ಸಣ್ಣ ಗುಡಿ, ಮಳೆಗಾಲದಲ್ಲಿ ಮಾತ್ರ ಮೈದುಂಬಿ ಧುಮುಕುವ ಹಳ್ಳ. ಗುಡ್ಡದ ತಲೆಯ ಮೇಲಿರುವ ಕಬ್ಬಿಣದ ಅದಿರಿನ ಪದರಗಳಲ್ಲಿ ಸೀಳು, ತೂತು ಹೆಚ್ಚು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ಬಡಿದು, ಮಗ್ಗುಲಲ್ಲಿ ಹೊರಬರುತ್ತದೆ. ಅದಕ್ಕೇ ಮಳೆ ನಿಂತು ವಾರಗಳಾದರೂ ಕೆಲವು ಕಡೆ ಸಣ್ಣ ಧಾರೆ ನಿಲ್ಲುವುದಿಲ್ಲ. ದೊಡ್ಡ ಧಾರೆ ಮಾತ್ರ ಮಳೆಯ ಜೊತೆ ಬಂದು ಮಳೆಯ ಜೊತೆಗೇ ಹೋಗುತ್ತದೆ.

ಈ ನಡಿಗೆಯ ಗುಟ್ಟೂ ಅಪಾಯವೂ ಅಲ್ಲೇ ಇದೆ. ನೀರು ನೋಡಲು ಚೆನ್ನಾಗಿ ಬೀಳಬೇಕಾದರೆ ಯಾವ ಮಳೆ ಬೇಕೋ, ಅದೇ ಮಳೆ ನೀವು ವಾಪಸ್ ಬರುವ ದಾರಿಯ ಹಳ್ಳವನ್ನೂ ತುಂಬಿಸುತ್ತದೆ. ಕೆಳಗೆ ಹೇಳುವುದೆಲ್ಲ ಇದೊಂದನ್ನು ನೆನಪಿಟ್ಟುಕೊಂಡು ಹೇಳಿದ್ದು.

ದಿನ ಗೊತ್ತು ಮಾಡುವುದು

ಬಳ್ಳಾರಿ ಸೀಮೆಗೆ ಜೂನ್, ಜುಲೈನ ಮಳೆಯನ್ನು ನೆಚ್ಚಿಕೊಂಡು ಕೂರಲಾಗದು. ನಮ್ಮ ಕಡೆ ಮಳೆ ಕೈಹಿಡಿಯುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರಿನ ಮೊದಲರ್ಧದಲ್ಲಿ. ಆಗ ನೆಲ ನೆನೆದಿರುತ್ತದೆ, ಕಾಡು ತುಂಬಿರುತ್ತದೆ, ಬಿಸಿಲು ಸುಡುವುದಿಲ್ಲ. ನವೆಂಬರಿನಲ್ಲಿ ಹೋದರೆ ನೀರು ಕಡಿಮೆ, ನಡಿಗೆ ಹಗುರ. ಮಕ್ಕಳಿದ್ದವರಿಗೆ ಅದೇ ಒಳ್ಳೆಯದು. ಫೆಬ್ರುವರಿಯಿಂದ ಮೇ ತನಕ ಹೋಗಲೇಬೇಡಿ. ನೀರು ಇರುವುದಿಲ್ಲ, ಕಾಡಿಗೆ ಬೆಂಕಿ ಬೀಳುವ ಕಾಲ ಅದು, ಅರಣ್ಯ ಇಲಾಖೆಯೂ ಬಿಡುವುದಿಲ್ಲ.

ತಿಂಗಳು ಆಯ್ದ ಮೇಲೆ ದಿನ. ದೊಡ್ಡ ಮಳೆ ಬಿದ್ದ ಮರುದಿನವೇ ಓಡಬೇಡಿ. ಎರಡು ದಿನ ಬಿಡಿ. ಕೆಂಪು ರಾಡಿಯಾಗಿದ್ದ ನೀರು ತಿಳಿಯಾಗುತ್ತದೆ, ಹಳ್ಳ ಇಳಿಯುತ್ತದೆ, ಧಾರೆ ಇನ್ನೂ ತುಂಬಿಕೊಂಡೇ ಇರುತ್ತದೆ. ನೋಡಲೂ ಚಂದ, ದಾಟಲೂ ಸಲೀಸು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿವಾರು ಮಳೆಯ ಲೆಕ್ಕ ಪ್ರಕಟಿಸುತ್ತಾರೆ. ಸಂಡೂರು ಹೋಬಳಿಯ ಹಿಂದಿನ ಮೂರು ದಿನದ ಅಂಕಿ ನೋಡಿಕೊಳ್ಳಿ. ಬಳ್ಳಾರಿ ಪಟ್ಟಣದ ಆಕಾಶ ನೋಡಿ ಸಂಡೂರಿನ ಮಳೆ ಹೇಳಲಾಗದು. ಇಲ್ಲಿ ಒಂದು ಹನಿ ಬೀಳದ ದಿನವೂ ಗುಡ್ಡ ಮೋಡವನ್ನು ತಡೆದು ಮಳೆ ಸುರಿಸಿಕೊಂಡಿರುತ್ತದೆ. ಅಂಕಿಗಿಂತ ಹೆಚ್ಚು ನಂಬಬೇಕಾದದ್ದು ಊರಿನವರ ಮಾತನ್ನು. ಹೋಗುವ ಹಿಂದಿನ ಸಂಜೆ ಗುಡ್ಡದ ಬುಡದ ಊರಿನಲ್ಲಿರುವ ಯಾರಿಗಾದರೂ ಫೋನ್ ಮಾಡಿ, “ಅಣ್ಣಾ, ಹಳ್ಳ ಹೆಂಗೈತಿ?” ಅಂತ ಕೇಳಿ. “ಮ್ಯಾಲೆ ಮಳಿ ಆಗೈತಿ, ನಾಳಿಗೆ ಬ್ಯಾಡ್ರಿ” ಎಂದರೆ ಅಲ್ಲಿಗೆ ಮುಗಿಯಿತು. ಮುಂದಿನ ವಾರ ಹೋಗಿ.

ಅನುಮತಿ, ಜೊತೆಗಾರ

ಸಂಡೂರಿನ ಗುಡ್ಡಗಳ ಬಹುಭಾಗ ಮೀಸಲು ಅರಣ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅನುಮತಿ ಇಲ್ಲದೆ ಮೀಸಲು ಅರಣ್ಯದೊಳಗೆ ಹೋಗುವುದು ಅಪರಾಧ. ಗುಡ್ಡದ ಮೇಲಿನ ಕುಮಾರಸ್ವಾಮಿ ಗುಡಿಗೆ ಹೋಗುವ ಡಾಂಬರು ರಸ್ತೆಗೆ ಈ ತೊಡಕಿಲ್ಲ. ರಸ್ತೆ ಬಿಟ್ಟು ಕಾಲುದಾರಿ ಹಿಡಿಯುವವರು ಸಂಡೂರಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಕೆಲಸದ ದಿನ ಹೋಗಿ, ಎಷ್ಟು ಜನ, ಯಾವ ದಾರಿ, ಯಾವ ದಿನ ಎಂದು ಬರೆದುಕೊಟ್ಟು ಕೇಳಬೇಕು. ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಗಾರ್ಡ್ ಜೊತೆ ವಾದಕ್ಕೆ ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೊಂದು ಲಾಭವೂ ಇದೆ: ನೀವು ಒಳಗಿದ್ದೀರಿ ಎಂಬುದು ಇಲಾಖೆಗೆ ಗೊತ್ತಿರುತ್ತದೆ. ಸಂಜೆ ನೀವು ಬಾರದಿದ್ದರೆ ಹುಡುಕುವವರಿಗೆ ಅದೇ ಮೊದಲ ಸುಳಿವು.

ಗುಡ್ಡದಲ್ಲಿ ಗಣಿಗಳೂ ಇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು. ಗಣಿ ಗುತ್ತಿಗೆಯ ಗಡಿಕಲ್ಲು, ಬೇಲಿ, ಕೆಂಪು ಬಾವುಟ ಕಂಡರೆ ಅತ್ತ ಕಾಲಿಡಬೇಡಿ. ಅಲ್ಲಿ ಸಿಡಿಮದ್ದು ಸಿಡಿಸುತ್ತಾರೆ. ಹಳೆಯ ಗಣಿಯ ಗುಂಡಿಗಳಲ್ಲಿ ಮಳೆನೀರು ನಿಂತು ಕೆರೆಯ ಹಾಗೆ ತೋರುತ್ತದೆ. ಅದರಲ್ಲಿ ಈಜಲು ಇಳಿದವರಿಗೆ ಕಾಲೂರುವ ದಂಡೆಯೇ ಸಿಗುವುದಿಲ್ಲ, ಅಂಚು ನೇರ ಕೆಳಗಿಳಿದಿರುತ್ತದೆ.

ದಾರಿ ಬಲ್ಲವರೊಬ್ಬರು ಜೊತೆಗಿರಲೇಬೇಕು. ಗುಡ್ಡದ ಬುಡದ ಊರುಗಳಲ್ಲಿ, ತಾಂಡಾಗಳಲ್ಲಿ ದನ, ಕುರಿ ಮೇಯಿಸಿಕೊಂಡು ಗುಡ್ಡವನ್ನು ಅಂಗೈಯಂತೆ ಬಲ್ಲವರು ಸಿಗುತ್ತಾರೆ. ಅವರ ಒಂದು ದಿನದ ಕೂಲಿ ತಪ್ಪಿಸಿ ಕರೆದುಕೊಂಡು ಹೋಗುತ್ತಿದ್ದೀರಿ. ಹೊರಡುವ ಮುಂಚೆಯೇ ಎಷ್ಟು ಎಂದು ಮಾತಾಡಿ, ಕೂಲಿಗಿಂತ ಹೆಚ್ಚೇ ಕೊಡಿ, ನಿಮ್ಮ ಬುತ್ತಿಯಲ್ಲಿ ಅವರಿಗೂ ಕಟ್ಟಿಕೊಳ್ಳಿ. ನಾನು ಮೊದಲ ಸಲ ಹೋದಾಗ ಕರೆದುಕೊಂಡು ಹೋದ ತಾತ ಕಾಲಲ್ಲಿ ಟೈರಿನ ಚಪ್ಪಲಿ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು ಇಷ್ಟರಲ್ಲೇ ನಡೆದರು. ಒಂದು ಕಡೆ ನಿಂತು ಮೂಗರಳಿಸಿ, “ಇಲ್ಲಿ ಕರಡಿ ಹಾದೈತಿ, ಸ್ವಲ್ಪ ಗದ್ದಲ ಮಾಡ್ಕೊಂತ ಬರ್ರಿ” ಎಂದರು. ಹತ್ತು ಹೆಜ್ಜೆ ಮುಂದೆ ಹೊಸದಾಗಿ ಕೆದರಿದ ಗೆದ್ದಲ ಹುತ್ತ ಇತ್ತು.

ಗಂಟೆಯ ಲೆಕ್ಕ

ಇದನ್ನು ಮನೆಯಲ್ಲಿ ಕೂತು, ಕಾಗದದ ಮೇಲೆ ಮಾಡಿ. ಗುಡ್ಡದ ಮೇಲೆ ನಿಂತು ಮಾಡಿದರೆ ಆಸೆ ಲೆಕ್ಕ ತಪ್ಪಿಸುತ್ತದೆ.

ಚಾರಣಿಗರು ಹಳೆಯ ಕಾಲದಿಂದ ಬಳಸುವ ಲೆಕ್ಕವೊಂದಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿ 4 ಕಿ.ಮೀ., ಏರು 250 ಮೀಟರ್ ಎಂದುಕೊಳ್ಳಿ. ನಡಿಗೆಗೆ 48 ನಿಮಿಷ, ಏರಿಗೆ 25 ನಿಮಿಷ, ಕೂಡಿದರೆ 73 ನಿಮಿಷ. ಇದು ಗುಡ್ಡ ರೂಢಿಯಿರುವ ಗಟ್ಟಿಗರ ಲೆಕ್ಕ. ವಾರವೆಲ್ಲ ಅಂಗಡಿ, ಆಫೀಸಿನಲ್ಲಿ ಕೂತು ಭಾನುವಾರ ಹೊರಟ ನಮ್ಮಂಥವರು ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು: ಸುಮಾರು 110 ನಿಮಿಷ. ಮಕ್ಕಳು, ಮಂಡಿನೋವಿನವರು ಇದ್ದರೆ ಎರಡು ಪಟ್ಟು. ಇಳಿಯಲು ಏರಿದಷ್ಟೇ ಹೊತ್ತು ಇಟ್ಟುಕೊಳ್ಳಿ. ಇಳಿಯುವುದು ಬೇಗ ಎಂಬುದು ಒಣ ನೆಲದ ಮಾತು, ನೆನೆದ ಗರಸಿನ ಮೇಲೆ ಅದು ನಡೆಯುವುದಿಲ್ಲ.

ಈಗ ಸಂಜೆಯಿಂದ ಹಿಂದಕ್ಕೆ ಎಣಿಸಿ. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಕಡೆ ಸಂಜೆ 6.15ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಗುಡ್ಡದ ಸಂದಿಯಲ್ಲಿ, ಮರದಡಿಯಲ್ಲಿ ಅದಕ್ಕೂ ಮೊದಲೇ ಕತ್ತಲು ಕವಿಯುತ್ತದೆ. ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಬರುವ ಸಂಭವ ಹೆಚ್ಚು. ಕರಡಿ ಹೊರಬೀಳುವುದೂ ಸಂಜೆಯೇ. ಹಾಗಾಗಿ ಮೂರು ಗಂಟೆಯೊಳಗೆ ನೀವು ಬುಡದ ಊರಿನಲ್ಲಿರಬೇಕು, ಅಂದರೆ ಒಂದು ಗಂಟೆಗೆ ನೀರಿನ ಹತ್ತಿರದಿಂದ ಹೊರಡಬೇಕು. ಇದನ್ನು ‘ತಿರುಗುವ ಗಂಟೆ’ ಎಂದು ಕರೆಯೋಣ. ಒಂದು ಗಂಟೆ ಆಯಿತೆಂದರೆ, ನೀರು ಇನ್ನು ಇನ್ನೂರು ಹೆಜ್ಜೆ ದೂರದಲ್ಲಿ ಭೋರ್ಗರೆಯುತ್ತಿದ್ದರೂ ಹಿಂದಕ್ಕೆ ಹೊರಳಬೇಕು. ಇದನ್ನು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಂಡಿರಬೇಕು. ಗುಂಪಿನಲ್ಲಿ ಒಬ್ಬರಿಗೆ ಈ ಗಡಿಯಾರದ ಜವಾಬ್ದಾರಿ ಕೊಡಿ; ಎಲ್ಲರಿಗಿಂತ ಕಿರಿಯರಿಗೆ ಕೊಟ್ಟರೆ ಹಿರಿಯರು ಅವರ ಮಾತು ಮೀರಲು ನಾಚುತ್ತಾರೆ ಎಂಬುದು ನನ್ನ ಅನುಭವ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಅಕ್ಟೋಬರಿನಲ್ಲಿ ನಾವು ಐದು ಜನ ಬೆಳಿಗ್ಗೆ ಹನ್ನೊಂದಕ್ಕೆ ಹಿಮ್ಮಡಿ ಮುಳುಗುವಷ್ಟು ಹಳ್ಳ ದಾಟಿ ಹೋದೆವು. ನೀರು ಕಂಡ ಖುಷಿಯಲ್ಲಿ ಎರಡು ಗಂಟೆಯ ತನಕ ಅಲ್ಲೇ ಕೂತೆವು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ವಾಪಸ್ ಬಂದರೆ ಅದೇ ಹಳ್ಳ ಕುಂಕುಮದ ನೀರಿನ ಹಾಗೆ ಕೆಂಪಾಗಿ ತೊಡೆಯ ಮಟ್ಟಕ್ಕೆ ಹರಿಯುತ್ತಿತ್ತು, ಒಳಗೆ ಕಲ್ಲುಗಳು ಉರುಳುವ ಸದ್ದು ಕೇಳುತ್ತಿತ್ತು. ಒಬ್ಬ ಗೆಳೆಯ ದಾಟಿಯೇ ಬಿಡುತ್ತೇನೆಂದು ಪ್ಯಾಂಟು ಮಡಚಿದ. ತಾತ ಕೋಲು ಅಡ್ಡ ಹಿಡಿದು ಕೂರಿಸಿದರು. ಐದೂವರೆಗೆ ನೀರು ಇಳಿಯಿತು. ಎರಡು ಮೊಬೈಲ್ ಬೆಳಕಿನಲ್ಲಿ ಐದು ಜನ ಗುಡ್ಡ ಇಳಿದೆವು. ಮನೆಯಲ್ಲಿ ಅವ್ವ ಊಟ ಮಾಡದೆ ಬಾಗಿಲಲ್ಲಿ ಕೂತಿದ್ದಳು.

ಉಡುವುದು, ಹೊರುವುದು, ತಿನ್ನುವುದು

ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಆದರೂ ಗುಡ್ಡಕ್ಕೆ ಜೀನ್ಸ್ ಬೇಡ. ನೆನೆದರೆ ಭಾರವಾಗಿ ತೊಡೆ ಉಜ್ಜುತ್ತದೆ, ಸಂಜೆಯವರೆಗೆ ಒಣಗುವುದಿಲ್ಲ. ಬೇಗ ಒಣಗುವ ತೆಳು ಪ್ಯಾಂಟು, ತುಂಬುತೋಳಿನ ಅಂಗಿ, ತಲೆಗೊಂದು ಟವೆಲ್ ಅಥವಾ ಟೋಪಿ ಸಾಕು. ಲಂಟಾನದ ಮುಳ್ಳು, ನಸುಗುನ್ನಿಯ ತುರಿಕೆ ಎರಡಕ್ಕೂ ತುಂಬುತೋಳೇ ಮದ್ದು. ನಸುಗುನ್ನಿ ಕಾಯಿ ಒಣಗಿದ ಮೇಲೆ ಅದರ ರೋಮ ಗಾಳಿಗೂ ಹಾರುತ್ತದೆ. ತಾಗಿದರೆ ಉಜ್ಜಬೇಡಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಶೂ ವಿಷಯದಲ್ಲಿ ಕಂಜೂಸಿ ಮಾಡಬೇಡಿ. ಇಲ್ಲಿನ ದಾರಿಯ ಮೇಲೆ ಅದಿರಿನ ಸಣ್ಣ ಹರಳುಕಲ್ಲುಗಳು ಹರಡಿರುತ್ತವೆ. ಇಳಿಜಾರಿನಲ್ಲಿ ಕಾಲಿಟ್ಟರೆ ಗೋಲಿಗಳ ಮೇಲೆ ಇಟ್ಟಂತೆ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಇರಲಿ. ಹೊಸದಾದರೆ ವಾರದ ಮುಂಚಿನಿಂದ ಮನೆ ಸುತ್ತ ಹಾಕಿಕೊಂಡು ಓಡಾಡಿ ಪಳಗಿಸಿ. ಎರಡು ಜೊತೆ ಕಾಲುಚೀಲ ಇಟ್ಟುಕೊಳ್ಳಿ.

ಬ್ಯಾಗಿನಲ್ಲಿ ಒಬ್ಬೊಬ್ಬರಿಗೆ 3 ಲೀಟರ್ ನೀರು. ತೀರ್ಥದ ನೀರು ತಿಳಿಯಾಗಿ ಕಂಡರೂ ಮೇಲೆ ದನ, ಕಾಡುಪ್ರಾಣಿ ತಿರುಗುತ್ತವೆ. ಕಣ್ಣಿಗೊತ್ತಿಕೊಳ್ಳಿ, ಹೊಟ್ಟೆ ತುಂಬ ಕುಡಿಯಬೇಡಿ. ಹಣೆಗೆ ಕಟ್ಟುವ ಟಾರ್ಚ್ ಒಂದು, ಬೇರೆ ಸೆಲ್, ಒಂದು ಸೀಟಿ, ಹದಿನೈದು ಮೀಟರ್ ಗಟ್ಟಿ ಹಗ್ಗ, ಅಗಲ ಬ್ಯಾಂಡೇಜ್ ಎರಡು, ಓಆರ್‌ಎಸ್ ಪೊಟ್ಟಣ, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ, ಫೋನ್ ಸುತ್ತಲು ಪ್ಲಾಸ್ಟಿಕ್ ಚೀಲ. ಓಆರ್‌ಎಸ್ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೋಲು ಮಾತ್ರ ಊರಲ್ಲೇ ಕೇಳಿ ಪಡೆಯಿರಿ, ಕಾಡಿನಲ್ಲಿ ಕಡಿಯಬೇಡಿ.

ಊಟಕ್ಕೆ ನಮ್ಮ ಬುತ್ತಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ನಡುವೆ ಬಾಯಾಡಿಸಲು ಶೇಂಗಾ, ಬೆಲ್ಲ, ಉತ್ತತ್ತಿ. ಕೆಡುವುದಿಲ್ಲ, ಭಾರವಿಲ್ಲ, ಬಟ್ಟೆಯಲ್ಲಿ ಕಟ್ಟಿದರೆ ಪ್ಲಾಸ್ಟಿಕ್ಕಿನ ಕಸವೂ ಇಲ್ಲ. ಬೆಳಿಗ್ಗೆ ಸಂಡೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವ ಆಸೆ ಎಲ್ಲರಿಗೂ ಇರುತ್ತದೆ. ಒಗ್ಗರಣೆ ತಿನ್ನಿ, ಮಿರ್ಚಿಯನ್ನು ವಾಪಸ್ ಬಂದ ಮೇಲೆ ತಿನ್ನಿ. ಏರುವಾಗ ಎಣ್ಣೆ ಎದೆಗೆ ಬರುತ್ತದೆ.

ಹೊರಡುವ ಬೆಳಿಗ್ಗೆ

ಬಳ್ಳಾರಿಯಿಂದ ಐದೂವರೆಗೆ ಹೊರಟರೆ ಏಳರ ಹೊತ್ತಿಗೆ ಸಂಡೂರು. ಹೊಸಪೇಟೆಯಿಂದ ಇನ್ನೂ ಹತ್ತಿರ, ಸುಮಾರು 30 ಕಿ.ಮೀ. ದಾರಿಯಲ್ಲಿ ಅದಿರಿನ ಟಿಪ್ಪರ್‌ಗಳ ಸಾಲು ಇರುತ್ತದೆ. ಬೈಕಿನವರು ಅವುಗಳ ಬೆನ್ನಿಗೆ ಹತ್ತಿಕೊಂಡು ಹೋಗಬೇಡಿ, ಮಳೆಯಲ್ಲಿ ಚೆಲ್ಲಿದ ಅದಿರು ರಸ್ತೆಯನ್ನು ಸೋಪಿನ ಹಾಗೆ ಜಾರಿಸುತ್ತದೆ. ಗುಡಿಯ ಕಡೆಯಿಂದ ನಡಿಗೆ ಶುರು ಮಾಡುವವರಿಗೆ ಸಂಡೂರಿನಿಂದ ಕುಮಾರಸ್ವಾಮಿ ಗುಡಿಯವರೆಗೆ ಹತ್ತು ಹನ್ನೆರಡು ಕಿ.ಮೀ. ಘಾಟಿನ ರಸ್ತೆ. ಅಲ್ಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಹತ್ತು ನಿಮಿಷ ನಿಂತು ಅದರ ಶಿಖರ ನೋಡಿ. ಅಷ್ಟು ಹಳೆಯ ಕಲ್ಲುಕೆಲಸ ಇಂಥ ಕಾಡಿನ ನಡುವೆ ಸಿಗುವುದು ನಮ್ಮ ಜಿಲ್ಲೆಯ ಪುಣ್ಯ.

ಹೊರಡುವ ಮುಂಚೆ ಮನೆಯವರೊಬ್ಬರಿಗೆ ಮೆಸೇಜ್ ಕಳಿಸಿ: ಯಾವ ಊರಿನಿಂದ ಹತ್ತುತ್ತಿದ್ದೀರಿ, ಜೊತೆಗಾರರ ನಂಬರ್, ಗಾಡಿ ನಿಲ್ಲಿಸಿದ ಜಾಗ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ, ಮಾಡದಿದ್ದರೆ ಅವರು ಯಾರಿಗೆ ಹೇಳಬೇಕು. ಗುಡ್ಡದ ಸಂದಿಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮ್ಯಾಪ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೊಲೀಸರಿಗೆ 112, ಆಂಬುಲೆನ್ಸಿಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926 ಎಲ್ಲರ ಫೋನಿನಲ್ಲೂ ಇರಲಿ.

ಹತ್ತುವುದು

ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನ ನಡೆಯಿರಿ. ಮಾತಾಡುತ್ತ ನಡೆದರೂ ಉಸಿರು ಕಟ್ಟಬಾರದು, ಅದೇ ಸರಿಯಾದ ವೇಗ. ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ, ದಾರಿ ಬಲ್ಲವರು ಅವರ ಪಕ್ಕದಲ್ಲಿ, ಗಟ್ಟಿಗರೊಬ್ಬರು ಕೊನೆಯಲ್ಲಿ. ಹಿಂದಿನವರು ಕಾಣದಂತಾದರೆ ಮುಂದಿನವರು ನಿಲ್ಲಬೇಕು. ಕಡಿದಾದ ಕಡೆ ಪಾದ ಪೂರ್ತಿ ಊರಿ, ಹೆಜ್ಜೆ ಚಿಕ್ಕದಿಡಿ.

ದಾರಿಯಲ್ಲಿ ದಿಂಡಿಗ, ಮುತ್ತುಗ, ಕಗ್ಗಲಿ, ಬಿದಿರು ಸಿಗುತ್ತವೆ. ಶ್ರೀಗಂಧದ ಗಿಡವೂ ಕಂಡೀತು. ಕಂಡರೆ ಅದು ಎಲ್ಲಿದೆ ಎಂಬುದನ್ನು ಫೋಟೊ ಹಾಕಿ ಊರಿಗೆಲ್ಲ ಸಾರಬೇಡಿ, ಕಳ್ಳರಿಗೆ ಅದೇ ಸಾಕು. ಪೊದೆಯ ಮೇಲೆ ಬೆಂಕಿಯ ನಾಲಗೆಯಂತೆ ಅರಳಿದ ಗೌರಿಹೂವನ್ನು ಮಕ್ಕಳು ಕೀಳಲು ಹೋಗುತ್ತಾರೆ. ಅದರ ಗೆಡ್ಡೆ, ಬೀಜ ಎಲ್ಲ ವಿಷ. ಕವಲುದಾರಿ ಬಂದಲ್ಲೆಲ್ಲ ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆದುಕೊಳ್ಳಿ. ವಾಪಸ್ ಬರುವಾಗ ದಾರಿ ಹಾಗೇ ಕಾಣುತ್ತದೆ, ಹೋಗುವಾಗ ಕಂಡ ಹಾಗಲ್ಲ.

ಹಳ್ಳ ದಾಟುವುದು

ಪ್ರತಿ ಹಳ್ಳದ ದಂಡೆಯಲ್ಲೂ ಎರಡು ನಿಮಿಷ ನಿಲ್ಲಿ. ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲು ಇಟ್ಟು ಫೋಟೊ ತೆಗೆಯಿರಿ. ಬರುವಾಗ ನೀರು ಏರಿದೆಯೋ ಇಳಿದಿದೆಯೋ ಆ ಕಲ್ಲೇ ಹೇಳುತ್ತದೆ.

ತಿಳಿನೀರು, ಮಂಡಿಯ ಕೆಳಗೆ, ತಳ ಕಾಣುತ್ತಿದೆ: ದಾಟಬಹುದು. ಮಂಡಿಯ ಮೇಲೆ ಬಂದರೆ, ಅಥವಾ ನೀರು ಕೆಂಪಾಗಿ ತಳ ಕಾಣದಿದ್ದರೆ, ಅಥವಾ ಒಳಗೆ ಕಲ್ಲು ಉರುಳುವ ಸದ್ದಿದ್ದರೆ ದಾಟಬೇಡಿ. ದಾಟುವಾಗ ಅಗಲವಾದ, ನೀರು ಹರಡಿಕೊಂಡು ಹರಿಯುವ ಜಾಗ ಆರಿಸಿ. ಕಿರಿದಾದ ಕಡೆ ಆಳವೂ ಸೆಳೆತವೂ ಹೆಚ್ಚು. ಕೆಳಗೆ ಮಡುವೋ ಧುಮುಕುವ ಅಂಚೋ ಇದ್ದರೆ ಆ ಜಾಗ ಬಿಡಿ. ಶೂ ಕಳಚಬೇಡಿ, ನೆನೆದರೆ ನೆನೆಯಲಿ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಡಿ, ಬಿದ್ದರೆ ಬ್ಯಾಗನ್ನು ಕಳಚಿ ಎಸೆಯಬಹುದು. ಮುಖವನ್ನು ನೀರು ಬರುವ ಕಡೆಗೆ ತಿರುಗಿಸಿ, ಕೋಲನ್ನು ಮುಂದೆ ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಪಕ್ಕಕ್ಕೆ ಸರಿಸಿ. ಹಗ್ಗವನ್ನು ಯಾರ ಸೊಂಟಕ್ಕೂ ಕಟ್ಟಬೇಡಿ. ಬಿದ್ದವರನ್ನು ಅದು ನೀರಿನಡಿಗೆ ಎಳೆದು ಹಿಡಿಯುತ್ತದೆ. ಹಗ್ಗ ಇರುವುದು ದಂಡೆಯಿಂದ ಎಸೆಯಲು.

ನೀರಿನ ಬಣ್ಣ ಒಮ್ಮೆಲೇ ಬದಲಾಯಿತು, ತರಗೆಲೆ, ಕಡ್ಡಿಗಳು ರಾಶಿಯಾಗಿ ತೇಲಿ ಬಂದವು, ಸದ್ದು ದಪ್ಪವಾಯಿತು ಎಂದರೆ ಮೇಲೆ ಎಲ್ಲೋ ಮಳೆ ಸುರಿದಿದೆ. ಚಪ್ಪಲಿ, ಬ್ಯಾಗು ಬಿಟ್ಟು ದಂಡೆಯ ಎತ್ತರಕ್ಕೆ ಹತ್ತಿ. ಆ ಕಡೆ ಸಿಕ್ಕಿಕೊಂಡರೆ ಕಾಯಿರಿ. ಈ ಗುಡ್ಡಗಳ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಮೇಲೆ ಮಳೆ ನಿಂತರೆ ಸಾಮಾನ್ಯವಾಗಿ ಎರಡು ಮೂರು ತಾಸಿನ ಮಾತು. ಬ್ಯಾಗಿನಲ್ಲಿ ಬುತ್ತಿಯೂ ಟಾರ್ಚೂ ಇದ್ದರೆ ಕಾಯುವುದು ಕಷ್ಟವಲ್ಲ.

ಕರಡಿ, ಹೆಜ್ಜೇನು, ಹಾವು

ಸಂಡೂರು, ದರೋಜಿ ಸುತ್ತಿನ ಗುಡ್ಡಗಳು ಕರಡಿಯ ತವರು. ದರೋಜಿಯಲ್ಲಿ 1994ರಲ್ಲೇ ಕರಡಿಗಳಿಗೆಂದು ಅಭಯಾರಣ್ಯ ಮಾಡಿದ್ದಾರೆ. ಕರಡಿಗೆ ಕಣ್ಣು, ಕಿವಿ ಮಂದ, ಮೂಗು ಚುರುಕು. ಹತ್ತಿರ ಬರುವ ತನಕ ನಮ್ಮನ್ನು ಗಮನಿಸದೆ, ಬೆಚ್ಚಿ ಮೇಲೆ ಬೀಳುತ್ತದೆ. ಆದ್ದರಿಂದ ಕಾಡಿನಲ್ಲಿ ಮಾತಾಡುತ್ತಾ, ಕೋಲು ಬಡಿಯುತ್ತಾ ನಡೆಯಿರಿ. ಸ್ಪೀಕರಿನಲ್ಲಿ ಹಾಡು ಹಾಕಬೇಡಿ, ಹಳ್ಳದ ಸದ್ದು ನಿಮಗೇ ಕೇಳುವುದಿಲ್ಲ. ಗವಿ, ದೊಡ್ಡ ಬಂಡೆಗಳ ಸಂದಿಯೊಳಗೆ ಇಣುಕಬೇಡಿ. ದೂರದಲ್ಲಿ ಕಂಡರೆ ಓಡದೆ, ಮುಖ ಅದರ ಕಡೆಗೇ ಇಟ್ಟು ಮೆಲ್ಲಗೆ ಹಿಂದೆ ಸರಿಯಿರಿ. ಮರಿ ಕಂಡರೆ ತಾಯಿ ಪಕ್ಕದಲ್ಲೇ ಇದೆ. ಮೇಲೆ ಬಿದ್ದರೆ ಬೋರಲು ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಯಿಂದ ಕತ್ತು ಮುಚ್ಚಿಕೊಳ್ಳಿ, ಬೆನ್ನ ಮೇಲಿನ ಬ್ಯಾಗ್ ಬಿಡಬೇಡಿ. ಚಿರತೆಯೂ ಇದೆ; ಮಕ್ಕಳನ್ನು ಗುಂಪಿನ ನಡುವೆ ಇಟ್ಟುಕೊಳ್ಳಿ.

ನನಗೆ ಕರಡಿಗಿಂತ ಹೆಚ್ಚು ಭಯ ಹೆಜ್ಜೇನಿನದು. ನೀರು ಬೀಳುವ ಕಡಿದಾದ ಬಂಡೆಗಳೇ ಅದಕ್ಕೆ ಇಷ್ಟದ ಜಾಗ. ಹೋದ ಕೂಡಲೇ ತಲೆ ಎತ್ತಿ ಬಂಡೆಯ ಚಾಚುಗಳನ್ನು ನೋಡಿ. ಕಪ್ಪು ಜೋಲು ಕಂಡರೆ ಬೀಡಿ ಬೇಡ, ಒಲೆ ಬೇಡ, ಸೆಂಟ್ ಬೇಡ, ಕಲ್ಲು ಎಸೆಯುವ ಹುಡುಗರ ಕೈ ಹಿಡಿಯಿರಿ. ಎದ್ದರೆ ತಲೆ, ಮುಖ ಮುಚ್ಚಿಕೊಂಡು ದೂರ ಓಡಿ. ನೀರಿಗೆ ಹಾರಿದರೆ ತಲೆ ಎತ್ತಿದ ಕಡೆಯೇ ಕಾದಿರುತ್ತವೆ.

ಹಾವಿನಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ಬಗ್ಗೆ ಎಚ್ಚರ. ಕಲ್ಲಿನ ಹಿಂದೆ ಕೈಯಿಡುವ ಮುಂಚೆ, ಮರದ ದಿಮ್ಮಿ ದಾಟುವ ಮುಂಚೆ ನೋಡಿ. ಕಚ್ಚಿದರೆ ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಹಗ್ಗ ಬಿಗಿಯಬೇಡಿ, ನಾಟಿ ಔಷಧಿಗೆ ಹೊತ್ತು ಕಳೆಯಬೇಡಿ. ಉಂಗುರ, ಕಡಗ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಕೋಲಿಗೆ ಸಡಿಲಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಇಳಿಸಿ. ಕಚ್ಚಿದ ಗಂಟೆ ಬರೆದಿಟ್ಟುಕೊಳ್ಳಿ. ಮೊದಲು ಸಂಡೂರಿನ ತಾಲೂಕು ಆಸ್ಪತ್ರೆ. ಅಲ್ಲಿಂದ ಬೇಕಾದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನ ಇನ್ನೂ ವಿಮ್ಸ್ ಎನ್ನುವುದು.

ನೀರಿನ ಬುಡದಲ್ಲಿ

ಕೊನೆಯ ತಿರುವಿನಲ್ಲಿ ಮೊದಲು ತಂಪು ತಾಗುತ್ತದೆ, ಆಮೇಲೆ ಸದ್ದು, ಆಮೇಲೆ ನೀರು. ಆ ಗಳಿಗೆಯಲ್ಲಿ ಎಲ್ಲರೂ ಓಡುತ್ತಾರೆ. ಜಾರಿ ಬೀಳುವುದು ಅಲ್ಲೇ. ಬುಡದ ಬಂಡೆಗಳ ಮೇಲೆ ಹಾವಸೆ ಇರುತ್ತದೆ. ಕಪ್ಪಗೆ ಮಿನುಗುವ ಕಲ್ಲನ್ನು ಬಿಟ್ಟು ಒಣಗಿದ, ದೊರಗು ಕಲ್ಲಿನ ಮೇಲೆ ಕಾಲಿಡಿ.

ಧಾರೆಯ ನೇರ ಕೆಳಗೆ ನಿಲ್ಲುವ ಆಸೆ ನನಗೂ ಆಗುತ್ತದೆ. ನೀರಿನ ಜೊತೆ ಕಲ್ಲೂ ಬರುತ್ತದೆ, ಇಲ್ಲಿನ ಕಲ್ಲು ಕಬ್ಬಿಣದ್ದು. ಹೆಬ್ಬೆರಳಿನಷ್ಟು ಹರಳು ಇಪ್ಪತ್ತು ಅಡಿಯಿಂದ ಬಿದ್ದರೂ ತಲೆ ಒಡೆಯುತ್ತದೆ. ಪಕ್ಕದಲ್ಲಿ ಸಿಡಿಯುವ ತುಂತುರಿನಲ್ಲಿ ನೆನೆಯಿರಿ, ಅಷ್ಟೇ ಸುಖ. ಮಡುವಿಗೆ ಮೇಲಿನಿಂದ ಹಾರುವುದಂತೂ ಬೇಡವೇ ಬೇಡ. ಮಳೆಗಾಲಕ್ಕೊಮ್ಮೆ ತಳದ ಕಲ್ಲುಗಳು ಜಾಗ ಬದಲಿಸುತ್ತವೆ, ಕಳೆದ ವರ್ಷದ ಆಳ ಈ ವರ್ಷ ಇರುವುದಿಲ್ಲ. ಜಲಪಾತದ ನೆತ್ತಿಗೆ ಹತ್ತಿ ಅಂಚಿನಲ್ಲಿ ಸೆಲ್ಫಿ ತೆಗೆಯುವವರನ್ನು ಕಂಡರೆ, ಪರಿಚಯ ಇಲ್ಲದಿದ್ದರೂ ಕೂಗಿ ಕರೆಯಿರಿ.

ಗುಡಿ ಇದ್ದರೆ ಚಪ್ಪಲಿ ದೂರ ಬಿಡಿ, ತೀರ್ಥದ ಕುಂಡದಲ್ಲಿ ಸೋಪು, ಶಾಂಪೂ ಬಳಸಬೇಡಿ. ಊದಿನಕಡ್ಡಿಯ ಪೊಟ್ಟಣ, ಕರ್ಪೂರದ ಡಬ್ಬಿ ಕೂಡ ಕಸವೇ. ನಿಮ್ಮ ಬ್ಯಾಗಿನಲ್ಲೇ ಇಳಿಯಲಿ. ಊಟ ಮುಗಿಸಿ, ಹತ್ತು ನಿಮಿಷ ಎಲ್ಲರೂ ಮಾತು ನಿಲ್ಲಿಸಿ ಕೂತು ನೋಡಿ. ಬಂಡೆಯ ಸಂದಿಯಿಂದ ಹಳದಿ ಕೊರಳಿನ ಪಿಕಳಾರ ಹಾಡುವುದು ಆಗ ಕೇಳಿಸೀತು. ದಖ್ಖನಿನ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಅದು ಬೇರೆ ಕಡೆ ಸಿಗುವುದು ವಿರಳ.

ಗುಡುಗು ಕೇಳಿದರೆ ತಿರುಗುವ ಗಂಟೆಗೂ ಕಾಯಬೇಡಿ. ಮಿಂಚಿದ ಮೇಲೆ ಗುಡುಗು ಕೇಳುವ ತನಕ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಅಷ್ಟು ಕಿ.ಮೀ. ದೂರದಲ್ಲಿದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ದಿಣ್ಣೆ, ಒಂಟಿ ಮರ, ನೀರು ಮೂರನ್ನೂ ಬಿಟ್ಟು ತಗ್ಗಿಗೆ ಇಳಿಯಿರಿ. ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬೇಡಿ. ‘ದಾಮಿನಿ’ ಆ್ಯಪ್ ಸಿಗ್ನಲ್ ಇದ್ದ ಕಡೆ ಮೊದಲೇ ಎಚ್ಚರಿಸುತ್ತದೆ.

ಇಳಿಯುವುದು

ಮಂಡಿ ಸ್ವಲ್ಪ ಬಾಗಿಸಿ, ಹೆಜ್ಜೆ ಕಿರಿದಾಗಿ, ಗರಸಿನ ಮೇಲೆ ಅಡ್ಡಡ್ಡವಾಗಿ ಇಳಿಯಿರಿ. ಜಾರಿದರೆ ಮುಂದಕ್ಕೆ ಬೀಳದೆ ಕೂತುಬಿಡಿ. ಹಿಡಿದುಕೊಳ್ಳಲು ಪೊದೆಗೆ ಕೈ ಹಾಕುವ ಮುಂಚೆ ಮುಳ್ಳಿದೆಯೇ ನೋಡಿ.

ದಾರಿ ತಪ್ಪಿತು ಅನಿಸಿದರೆ ನಿಂತುಬಿಡಿ. ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಎನ್ನುವ ಮಾತು ಈ ಗುಡ್ಡಗಳಲ್ಲಿ ಅಪಾಯಕಾರಿ. ಹಳ್ಳ ಧುಮುಕುವ ಅಂಚಿಗೇ ಕರೆದುಕೊಂಡು ಹೋಗುತ್ತದೆ. ಹಿಂದಿನ ಕವಲಿನ ಫೋಟೊ ತೆಗೆದು ನೋಡಿ, ಅಲ್ಲಿಯವರೆಗೆ ವಾಪಸ್ ಹೋಗಿ. ಅದೂ ಆಗದಿದ್ದರೆ ಬಯಲಾದ ಜಾಗದಲ್ಲಿ ಒಟ್ಟಿಗೆ ಕೂತು, ಸೀಟಿಯನ್ನು ಮೂರು ಮೂರು ಸಲ, ನಡುವೆ ಒಂದು ನಿಮಿಷ ಬಿಟ್ಟು ಊದಿ.

ಇಷ್ಟೆಲ್ಲ ಆಗದು, ಆದರೂ ಮಕ್ಕಳಿಗೆ ನೀರು ಬೀಳುವುದನ್ನು ತೋರಿಸಬೇಕು ಎನ್ನುವವರಿಗೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಕಬ್ಬರಗಿ ಹತ್ತಿರದ ಕಪಿಲತೀರ್ಥ ಇದೆ. ನಡಿಗೆ ಕಡಿಮೆ. ಹಾವಸೆ, ಮಡು, ಮೇಲಿನ ಮಳೆ ಈ ಮೂರರ ಎಚ್ಚರ ಅಲ್ಲೂ ಅಷ್ಟೇ ಬೇಕು.

ಮನೆಗೆ ಬಂದ ಮೇಲೆ

ಸಿಗ್ನಲ್ ಸಿಕ್ಕ ಕೂಡಲೇ ಮನೆಗೆ ಫೋನ್ ಮಾಡಿ, ಆಮೇಲೆ ಮಿರ್ಚಿ. ಸ್ನಾನಕ್ಕೆ ಮುಂಚೆ ಕಂಕುಳು, ಮಂಡಿಯ ಹಿಂಭಾಗ, ಸೊಂಟಪಟ್ಟಿಯ ಜಾಗದಲ್ಲಿ ಉಣ್ಣಿ ಹತ್ತಿದೆಯೇ ನೋಡಿಕೊಳ್ಳಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಿ. ಶೂ ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಆ ಕೆಂಪು ಕಲೆ ಕಾಲುಚೀಲದಿಂದ ಹೋ‌ಗುವುದಿಲ್ಲ, ಅದನ್ನು ಗುಡ್ಡಕ್ಕೇ ಮೀಸಲಿಡಿ.

ರಾತ್ರಿ ಮಲಗುವ ಮುಂಚೆ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ: ತಾರೀಕು, ಹಿಂದಿನ ಮೂರು ದಿನದ ಮಳೆ, ಹಳ್ಳದ ನೀರು ಕಾಲಿಗೆ ಎಲ್ಲಿಯವರೆಗೆ ಬಂತು, ಹತ್ತಲು ನಿಜಕ್ಕೂ ಎಷ್ಟು ಹೊತ್ತಾಯಿತು. ನನ್ನ ಪುಸ್ತಕದಲ್ಲಿ ಈಗ ಹನ್ನೊಂದು ಪುಟಗಳಾಗಿವೆ. ಸೆಪ್ಟೆಂಬರ್ ಬಂತೆಂದರೆ ನಾನು ಮೊದಲು ತೆರೆಯುವುದು ಅದನ್ನೇ, ಆಮೇಲೆ ತಾತನ ಮಗನಿಗೆ ಫೋನ್ ಮಾಡಿ ಹಳ್ಳ ಹೆಂಗೈತಿ ಅಂತ ಕೇಳುತ್ತೇನೆ.